ಸದಾ ಚಳಿಗಾಲವಿರುವ ಕೋಣೆ

ಮೊದಲ ದಿನವೇ ಜಗಳವಾಯಿತು. ಅದೂ ಎಂಥ ದೊಡ್ಡ ವಿಷಯಕ್ಕೆ ಅಂತೀರಿ? ಉಪ್ಪಿಗೆ.

ಟೈಲರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸಂಜೆ ಆರಕ್ಕೆ ಇಂಗ್ಲಿಷ್ ಕ್ಲಾಸು. ಕೆಳಗೆ ಹೊಲಿಗೆ ಮಷೀನುಗಳು ಕಟಕಟ ಅನ್ನುತ್ತಿದ್ದರೆ, ಮೇಲೆ ಮೀಸೆ ನರೆತವರು, ಮಕ್ಕಳನ್ನು ಹೆತ್ತವರು ಎಲ್ಲರೂ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು ಇಂಗ್ಲಿಷಿನ ಮುಂದೆ ಬೆಕ್ಕಿನ ಮರಿಗಳಾಗಿದ್ದರು. ಒಬ್ಬ ಟ್ಯಾಕ್ಸಿ ಡ್ರೈವರು, ಒಬ್ಬ ನರ್ಸಮ್ಮ, ಇನ್ನೂ ಕೆಲವರು. ಮತ್ತೆ ದೊಡ್ಡ ಹೋಟೆಲಿನ ಅಡುಗೆಮನೆಯಿಂದ ಬಂದ ಚಿಟಿಕೆ.

ಅವಳಿಗೆ ಆ ಹೆಸರಿಟ್ಟದ್ದು ಅಲ್ಲಿನ ದೊಡ್ಡ ಶೆಫ್. ಆಳು ನೋಡಿದರೆ ಒಂದು ಚಿಟಿಕೆ. ಯಾವ ಸೂಪಿನ ರುಚಿ ನೋಡಿದರೂ ‘ಇನ್ನೊಂದು ಚಿಟಿಕೆ ಬೇಕು’ ಅನ್ನುವವಳು. ಅವಳ ಸೂಪು ಕುಡಿದ ಗೆಸ್ಟುಗಳು ಇದರಲ್ಲಿ ಏನೇನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಸೌಟಿನ ಹಿಂದೆ ಅಡಗಿಕೊಳ್ಳುತ್ತಿದ್ದಳು. ಅದಕ್ಕೇ ಹೋಟೆಲಿನವರು ಕ್ಲಾಸಿಗೆ ಅಟ್ಟಿದ್ದರು.

ಮೇಡಂ ಮೊದಲ ದಿನವೇ ಆಟ ಹಚ್ಚಿದರು. ಇಬ್ಬಿಬ್ಬರು ಎದುರುಬದುರು. ಒಬ್ಬರ ಕೈಗೆ ತಿನ್ನುವುದೋ ಕುಡಿಯುವುದೋ ಒಂದರ ಚಿತ್ರವಿರುವ ಕಾರ್ಡು. ಹೂ, ವಿಚ್, ದಟ್, ವೇರ್ ಎಂಬ ಇಂಗ್ಲಿಷ್ ಪದಗಳಲ್ಲಿ ಯಾವುದಾದರೂ ಹಾಕಿ ಅದನ್ನು ವಿವರಿಸಬೇಕು. ಎದುರಿನವರು ಕಂಡುಹಿಡಿದರೆ ಸರದಿ ಅವರಿಗೆ. ತಾನೇ ವಸ್ತುವಿನ ಹೆಸರು ಬಾಯಿಬಿಟ್ಟರೆ ಔಟ್. ತಪ್ಪಿದವರ ತಲೆಯ ಹತ್ತಿರ ಬಂದು ಮೇಡಂ ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಎನ್ನಿಸುತ್ತಾರೆ.

ಚಿಟಿಕೆಯ ಕಾರ್ಡಿನಲ್ಲಿ ಉಪ್ಪಿನ ಡಬ್ಬಿ ಇತ್ತು. ಅವಳು ಕಣ್ಣು ಮುಚ್ಚಿದಳು. ಅಜ್ಜಿ ಹೇಳಿಕೊಟ್ಟ ಒಗಟಿಗೆ ಇಂಗ್ಲಿಷ್ ಅಂಗಿ ತೊಡಿಸಿ ನಿಲ್ಲಿಸಿದಳು.

“ಎ ಚೈಲ್ಡ್ ಹೂ ಈಸ್ ಬಾರ್ನ್ ಇನ್ ವಾಟರ್, ಅಂಡ್ ಹೂ ಡೈಸ್ ವೆನ್ ಹಿ ಗೋಸ್ ಬ್ಯಾಕ್ ಟು ಮದರ್.”

ನೀರಲ್ಲಿ ಹುಟ್ಟಿದ ಮಗ, ತಾಯಿಯ ಮಡಿಲಿಗೆ ಬಿದ್ದರೆ ಇಲ್ಲವಾಗುತ್ತಾನೆ. ಇಡೀ ಕ್ಲಾಸು ಬಾಯಿ ತೆರೆದುಕೊಂಡು ನೋಡಿತು. ಎದುರು ಕೂತಿದ್ದ ನೀಲಿ ಯೂನಿಫಾರ್ಮಿನವನು ಮಾತ್ರ ಎಡಹುಬ್ಬನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿಕೊಂಡು, “ಐಸ್” ಅಂದ.

“ಅಲ್ಲ.”

“ಐಸೇ. ನೀರಿಂದ ಹುಟ್ಟುತ್ತೆ, ನೀರಿಗೆ ಬಿದ್ರೆ ಕರಗುತ್ತೆ. ಇನ್ನೇನು ಬೇಕು?”

“ಅಲ್ಲ ಅಂದ್ನಲ್ಲ.”

“ಮತ್ತೆ ಯಾಕೆ ಅಲ್ಲ ಅಂತ ಹೇಳಿ.”

“ಉಪ್ಪು ಕಣ್ರೀ! ಉಪ್ಪು!”

ಟಣ್!

ಮೊದಲ ದಿನ, ಮೊದಲ ಆಟ, ಮೊದಲ ಔಟ್. ಚಿಟಿಕೆಯ ಕಿವಿ ತುದಿ ಕೆಂಪಾಯಿತು. ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಅಲ್ಲಿಗೆ ಮರೆತುಬಿಡುತ್ತಿದ್ದಳೇನೋ. ಮುಖ ಚಿಕ್ಕದು ಮಾಡಿಕೊಂಡು ಹೇಳಿದ, “ಬೇಜಾರು ಮಾಡ್ಕೋಬೇಡಿ. ನಾನು ಫ್ರಿಜ್ ರಿಪೇರಿಯವನು. ನಂಗೆ ಲೋಕವೆಲ್ಲ ಐಸಾಗೇ ಕಾಣುತ್ತೆ.”

ಅಂದಿನಿಂದ ಅವನು ಕ್ಲಾಸಿಗೆಲ್ಲ ಫ್ರಿಜ್ಜಣ್ಣ ಆದ. ಅವಳಿಗೆ ಮಾತ್ರ ಅಣ್ಣ ಸೇರಿಸಲು ನಾಲಿಗೆ ಬರಲಿಲ್ಲ.

ಅವನ ಸರದಿ ಬಂದಾಗ ಕಾರ್ಡಿನಲ್ಲಿ ಈರುಳ್ಳಿ. ಬಹಳ ಹೊತ್ತು ಅದನ್ನು ಕೆಟ್ಟ ಮೋಟರು ನೋಡಿದ ಹಾಗೆ ನೋಡಿದ. ಕೊನೆಗೆ, “ಇಟ್ ಈಸ್ ಎ ವೆಜಿಟಬಲ್ ವಿಚ್ ವಿ ಕಟ್” ಅಂದ.

“ಎಲ್ಲಾ ತರಕಾರೀನೂ ಕಟ್ ಮಾಡ್ತೀವಲ್ರೀ!”

“ಹೌದು. ಇದನ್ನೂ ಮಾಡ್ತೀವಿ.”

ಮೇಡಂ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. “ಒಬ್ಬಳು ಆಕಾಶದಲ್ಲಿ ಹಾರ್ತಾಳೆ, ಇನ್ನೊಬ್ಬ ನೆಲ ಬಿಟ್ಟು ಏಳಲ್ಲ. ಇಬ್ರೂ ಕೋರ್ಸ್ ಮುಗಿಯೋವರೆಗೆ ಒಂದೇ ಬೆಂಚಲ್ಲಿ ಕೂತ್ಕೊಳ್ಳಿ. ಮಧ್ಯೆ ಎಲ್ಲೋ ಇಂಗ್ಲಿಷ್ ಸಿಗುತ್ತೆ.”

ಇಂಗ್ಲಿಷ್ ಸಿಕ್ಕಿತೋ ಇಲ್ಲವೋ, ಸಂಜೆ ಆರು ಗಂಟೆ ಎಂಬುದು ಚಿಟಿಕೆಗೆ ದಿನದ ಹಣ್ಣಾಯಿತು. ಬೆಳಿಗ್ಗೆಯಿಂದ ಹಣ್ಣಾಗುತ್ತ ಬಂದು ಆರಕ್ಕೆ ಸರಿಯಾಗಿ ಕೈಗೆ ಬೀಳುತ್ತಿತ್ತು.

ಅವಳು ಮೊಟ್ಟೆಯನ್ನು ಬಾಗಿಲಿಲ್ಲದ ಬಿಳಿ ಮನೆ ಮಾಡಿದಳು. ಜೇನನ್ನು ಹೂಗಳು ಬರೆದ, ದುಂಬಿಗಳು ಓದಿದ, ನಾವು ನೆಕ್ಕಿದ ಮಾತು ಮಾಡಿದಳು. ನಿಂಬೆಹಣ್ಣನ್ನು, ಮುತ್ತು ಕೊಟ್ಟವರೆಲ್ಲ ಕಣ್ಣು ಮುಚ್ಚುವ ಹಳದಿ ಹುಡುಗಿ ಅಂದಳು. ಅದನ್ನು ಹೇಳುವಾಗ ಟ್ಯಾಕ್ಸಿ ಡ್ರೈವರು ‘ಅಯ್ಯಯ್ಯೋ’ ಎಂದು ಕೆನ್ನೆ ಮುಟ್ಟಿಕೊಂಡ. ಯಾರಿಗೂ ಏನೂ ಹೊಳೆಯುತ್ತಿರಲಿಲ್ಲ. ಫ್ರಿಜ್ಜಿಗೆ ಮಾತ್ರ ಹೊಳೆಯುತ್ತಿತ್ತು. ಹೆಬ್ಬೆರಳು ಹುಬ್ಬಿನ ಮೇಲೆ ಒಮ್ಮೆ ಹೋಗಿ ಬರುವಷ್ಟರಲ್ಲಿ, “ಎಗ್.” “ಹನಿ.” “ಲೆಮನ್.”

ಚಿಟಿಕೆ ಆ ಹೆಬ್ಬೆರಳಿಗಾಗಿ ಕಾಯುವುದನ್ನು ಕಲಿತಳು. ಅದು ಹುಬ್ಬಿನ ತುದಿ ಮುಟ್ಟಿದ ಕ್ಷಣ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಗುಳಿ ಬಿದ್ದರೆ ಉತ್ತರ ಗೊತ್ತಾಗಿದೆ ಎಂದು ಅರ್ಥ. ಒಮ್ಮೆ ಕಾರ್ಡು ಬದಲಿಸಿಕೊಳ್ಳುವಾಗ ಬೆರಳು ತಗುಲಿತು. ಇಡೀ ದಿನ ಒಲೆಯ ಮುಂದೆ ನಿಂತ ಅವಳ ಬೆರಳು ಬಿಸಿ, ಇಡೀ ದಿನ ಕೋಲ್ಡ್ ಸ್ಟೋರೇಜಿನಲ್ಲಿ ಇದ್ದ ಅವನ ಬೆರಳು ತಣ್ಣಗೆ. ಇಬ್ಬರೂ ಒಟ್ಟಿಗೆ “ಸಾರಿ” ಅಂದರು. ಇಡೀ ಕೋರ್ಸಿನಲ್ಲಿ ಅವರಿಬ್ಬರೂ ತಪ್ಪಿಲ್ಲದೆ ಹೇಳಿದ ಇಂಗ್ಲಿಷ್ ಅದೊಂದೇ ಎಂದು ಹಿಂದಿನ ಬೆಂಚಿನ ನರ್ಸಮ್ಮ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮನೆಯಲ್ಲಿ ಅಜ್ಜಿ ಇದ್ದರು. ಕಣ್ಣು ಮಂಜು, ಆದರೆ ಕಿವಿ ಎಂದರೆ ಕಿವಿ. ಬೆಳಿಗ್ಗೆ ಚಹಾ ಕುಡಿಯುತ್ತ, ಮೊಮ್ಮಗಳು ಕ್ಲಾಸಿನ ಪುರಾಣ ಹೇಳುವುದನ್ನು ಕೇಳಿ ಲೋಟ ಕೆಳಗಿಟ್ಟರು.

“ಯಾರೇ ಅವ್ನು?”

“ಯಾರಜ್ಜಿ?”

“ನೀನು ಹೇಳದೇ ಇರೋನು.”

“ಎಲ್ಲರ ವಿಷಯಾನೂ ಹೇಳಿದ್ನಲ್ಲ!”

“ಟ್ಯಾಕ್ಸಿಯವನ ಹೊಟ್ಟೆ ಎಷ್ಟು ದಪ್ಪ ಅಂತ ಹೇಳ್ದೆ. ನರ್ಸಮ್ಮನ ಗಂಡ ಗೊರಕೆ ಹೊಡೆಯೋದೂ ಹೇಳ್ದೆ. ಎರಡು ತಿಂಗಳಿಂದ ನಿನ್ನ ಪಕ್ಕದಲ್ಲೇ ಕೂರೋನಿಗೆ ಒಂದು ಮೂಗು ಇದೆ ಅಂತಾನೂ ಹೇಳಿಲ್ಲ.”

ಚಿಟಿಕೆ ನಾಲಿಗೆ ಕಚ್ಚಿಕೊಂಡಳು. ಚಹಾ ಬಿಸಿಯಿತ್ತು ಎಂದು ನೆಪ ಹೇಳಿದಳು.

“ಮೂಗು ಇದೆ ಅಜ್ಜಿ,” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಚೆನ್ನಾಗೇ ಇದೆ.”

“ಅಷ್ಟು ಹೇಳೋಕೆ ಇಷ್ಟು ಹೊತ್ತಾ? ಹೋಗಿ ಅವ್ನಿಗೆ ಹೇಳು.”

ಹೇಳುವುದೇ ಕಷ್ಟ. ಕೋರ್ಸು ಬರುವ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅದರ ಮೇಲೆ ಅವನು ಯಾರೋ, ಇವಳು ಯಾರೋ. ಅವನ ದಾರಿ ಊರ ತುಂಬ ಇರುವ ಕೆಟ್ಟ ಫ್ರಿಜ್ಜುಗಳ ಕಡೆಗೆ, ಇವಳ ದಾರಿ ಒಲೆಯ ಕಡೆಗೆ. ಸುಮ್ಮನೆ ಎದುರು ಸಿಗಲು ಇಬ್ಬರಿಗೂ ಒಂದು ಕಾರಣವೂ ಇರಲಿಲ್ಲ. ಫೋನ್ ನಂಬರ್ ಕೇಳೋಣವೆಂದರೆ ಏನೆಂದು ಕೇಳುವುದು? ಮನೆಯ ಫ್ರಿಜ್ಜು ಗಟ್ಟಿಯಾಗಿತ್ತು. ಹಾಳಾದದ್ದು, ಒಂದು ದಿನವೂ ಕೆಡಲಿಲ್ಲ.

ನೇರ ಹೇಳಲು ಹೋದರೆ ಗಂಟಲಲ್ಲಿ ಬಿಸಿ ತುಪ್ಪ. ಒಗಟಾಗಿ ಹೇಳಿದರೆ? ಉಪ್ಪೊಂದು ಬಿಟ್ಟರೆ ಅವನು ಬಿಡಿಸದ ಒಗಟೇ ಇಲ್ಲವಲ್ಲ! ಆ ಯೋಚನೆ ಬಂದದ್ದೇ ತಡ, ಬಸ್ಸಿನಲ್ಲಿ ನಿಂತಿದ್ದವಳು ಕಂಬಿ ಬಿಟ್ಟು ಚಪ್ಪಾಳೆ ತಟ್ಟಿ ಪಕ್ಕದವರ ಕಾಲ ಮೇಲೆ ಬಿದ್ದಳು.

ಸೋಮವಾರ ಕಾರ್ಡಿಲ್ಲದೇ ಶುರುಮಾಡಿದಳು. ನಾನು ಕುಡಿಯದೇ ಇದ್ದರೂ ನನ್ನ ನಿದ್ದೆ ಕೆಡಿಸುವ ಪಾನೀಯ ಯಾವುದು? “ಎ ಡ್ರಿಂಕ್ ದಟ್ ಐ ಡೋಂಟ್ ಡ್ರಿಂಕ್, ಬಟ್ ದಟ್ ಡಸ್ ನಾಟ್ ಲೆಟ್ ಮಿ ಸ್ಲೀಪ್.”

ಹೆಬ್ಬೆರಳು ಹುಬ್ಬಿಗೆ ಹೋಯಿತು. ಗುಳಿ ಬಿದ್ದ ಹಾಗಾಯಿತು, ಬಿದ್ದದ್ದು ಹಾಗೇ ಮಾಯವಾಯಿತು.

“ಕಾಫಿ.”

“ಕುಡಿಯಲ್ಲ ಅಂದೆ.”

“ಪಕ್ಕದ ಮನೆಯವರು ಕುಡಿಯೋ ಕಾಫಿ. ವಾಸನೆ ಬರುತ್ತೆ. ಅದಕ್ಕೇ ನಿದ್ದೆ ಬರಲ್ಲ.”

ಬುಧವಾರ ಇನ್ನೂ ಹತ್ತಿರ ತಂದಳು. ಕಣ್ಣು ಮುಚ್ಚಿದರೂ ಕಾಣುವ, ಪಕ್ಕದಲ್ಲೇ ಕೂತಿದ್ದರೂ ನೋಡಲು ಧೈರ್ಯ ಸಾಲದ ಮನುಷ್ಯ. ಹೇಳುವಾಗ ಅವಳ ಸ್ವರ ಬಿಸಿ ಹಾಲಿನ ಮೇಲಿನ ಕೆನೆಯಂತೆ ನಡುಗಿತು.

ಅವನು ಸುತ್ತಲೂ ನೋಡಿದ. ಚಾವಣಿ ನೋಡಿದ. “ಇದು ತಿನ್ನೋ ವಸ್ತು ಅಲ್ವಲ್ಲ. ತಿಂಡಿ, ಪಾನೀಯ, ಅಡುಗೆಗೆ ಸಂಬಂಧಪಟ್ಟವರು ಮಾತ್ರ ಅಂತ ಮೇಡಂ ಹೇಳಿದ್ದಾರೆ... ವೇಟರ್?”

“ವೇಟರಾ?!”

“ಪಕ್ಕದಲ್ಲೇ ನಿಂತಿರ್ತಾರೆ. ಬಿಲ್ ಎಷ್ಟಾಗಿದೆಯೋ ಅಂತ ನೋಡೋಕೆ ಧೈರ್ಯ ಬರಲ್ಲ.”

ಹಿಂದಿನ ಬೆಂಚಿನಲ್ಲಿ ನರ್ಸಮ್ಮ ಹಣೆ ಚಚ್ಚಿಕೊಂಡರು. ಅವರಿಗೆ ಅರ್ಥವಾಗಿತ್ತು. ಟ್ಯಾಕ್ಸಿ ಡ್ರೈವರಿಗೂ ಅರ್ಥವಾಗಿತ್ತು. ಕೆಳಗಿನ ಹೊಲಿಗೆ ಮಷೀನುಗಳಿಗೂ ಅರ್ಥವಾಗಿರಬೇಕು, ಆ ಹೊತ್ತಿಗೆ ಸರಿಯಾಗಿ ಅವೂ ಸುಮ್ಮನಾಗಿದ್ದವು.

ಕೊನೆಯ ಪ್ರಯತ್ನ ಅಂದೇ ಕ್ಲಾಸು ಬಿಡುವ ಹೊತ್ತಿಗೆ, ಮೆಟ್ಟಿಲ ಮೇಲೆ. ಚಿಟಿಕೆ ಎರಡು ಮೆಟ್ಟಿಲು ಮೇಲೆ ನಿಂತರೆ ಅವನ ಕಣ್ಣು ಇವಳ ಕಣ್ಣಿಗೆ ಸರಿಹೋಗುತ್ತಿತ್ತು.

“ಇನ್ನೊಂದು ಕೇಳ್ತೀನಿ. ಎ ಫ್ರೂಟ್ ದಟ್ ಈಸ್ ರೈಪ್. ದಟ್ ಈಸ್ ವೇಟಿಂಗ್ ಆನ್ ದ ಟ್ರೀ. ಅಂಡ್ ದೇರ್ ಈಸ್ ಎ ಮ್ಯಾನ್ ಹೂ ಸ್ಟ್ಯಾಂಡ್ಸ್ ಅಂಡರ್ ದ ಟ್ರೀ, ಅಂಡ್ ಹೂ ಲುಕ್ಸ್ ಓನ್ಲಿ ಅಟ್ ಹಿಸ್ ಶೂಸ್!”

ಹಣ್ಣಾಗಿ ಕೊಂಬೆಯಲ್ಲಿ ಕಾಯುತ್ತಿದೆ. ಕೆಳಗೆ ನಿಂತ ಮಹರಾಯ ಬರೀ ತನ್ನ ಬೂಟು ನೋಡಿಕೊಳ್ಳುತ್ತಿದ್ದಾನೆ. ಇದಕ್ಕಿಂತ ಬಿಡಿಸಿ ಹೇಳಲು ಇನ್ನೇನು, ಡಂಗುರ ಹೊಡೆಸಬೇಕೇ?

ಅವನು ನಿಜಕ್ಕೂ ತನ್ನ ಬೂಟು ನೋಡಿಕೊಂಡ. “ಮಾವು?” ಅಂದ. “ಪೇರಳೆ? ...ಪಪ್ಪಾಯಿ?”

“ತೆಂಗಿನಕಾಯಿ!” ಎಂದಳು ಚಿಟಿಕೆ. “ನಿಮ್ಮ ತಲೆ ಮೇಲೆ ಬೀಳಬೇಕಾದ ತೆಂಗಿನಕಾಯಿ!”

ದಡದಡ ಇಳಿದು ಹೋದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ಬಸ್‌ಸ್ಟಾಪಿನವರೆಗೂ ಉರಿದಳು. ಬಸ್ಸು ಹತ್ತಿದ ಮೇಲೆ ಇನ್ನೊಂದು ಯೋಚನೆ ಬಂದು ಉರಿ ಆರಿಹೋಯಿತು. ಮೊಟ್ಟೆ, ಜೇನು, ನಿಂಬೆ ಎಲ್ಲ ಬಿಡಿಸಿದವನಿಗೆ ಇವು ಮಾತ್ರ ಹೊಳೆಯುತ್ತಿಲ್ಲ ಎಂದರೆ, ಅವನ ಮನಸ್ಸಿನಲ್ಲಿ ಆ ಉತ್ತರ ಇಲ್ಲವೇ ಇಲ್ಲ ಎಂದಲ್ಲವೇ?

ಇರಲಿ, ಶುಕ್ರವಾರ ಒಂದು ಉಳಿದಿದೆ. ಕೊನೆಯ ಕ್ಲಾಸು. ಅಂದು ಒಗಟೂ ಬೇಡ, ಗಿಗಟೂ ಬೇಡ. ಬಾಯಿ ಬಿಟ್ಟು ಕೇಳಿಯೇಬಿಡುವುದು. ಇಲ್ಲ ಅಂದರೆ ಇಲ್ಲ. ಹಳದಿ ಚೂಡಿದಾರಕ್ಕೆ ಎರಡು ಸಲ ಇಸ್ತ್ರಿ ಹಾಕಿ ಹೋಟೆಲಿನ ಲಾಕರಿನಲ್ಲಿ ನೇತುಹಾಕಿದಳು.

ಶುಕ್ರವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ದೊಡ್ಡ ಶೆಫ್ ಕೋಲ್ಡ್ ರೂಮಿನಿಂದ ಹೊರಗೆ ಬಂದರು. ಕೈಯಲ್ಲಿ ಬೆಣ್ಣೆಯ ಟ್ರೇ. ಮುಖದಲ್ಲಿ ಹೆಣ ಕಂಡವರ ಕಳೆ.

“ಒಳಗೆ ಸೆಕೆ ಆಗ್ತಿದೆ.”

ಅಂದು ರಾತ್ರಿ ಡಾಕ್ಟರುಗಳ ಸಮ್ಮೇಳನದ ದೊಡ್ಡ ಊಟ. ಇಡೀ ಊಟಕ್ಕೆ ಬೇಕಾದ ಹಾಲು, ಕ್ರೀಮು, ಬೆಳಿಗ್ಗೆಯಿಂದ ಬಡಿದು ಕಟ್ಟಿದ ಕೇಕುಗಳು ಎಲ್ಲ ಆ ಕೋಣೆಯಲ್ಲಿ. ಫ್ರಿಜ್ ಕಂಪನಿಯ ನಂಬರಿಗೆ ಒತ್ತಿದರೆ ಆ ಕಡೆಯ ಹುಡುಗಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೇ ಬರುತ್ತಿಲ್ಲ. ಶೆಫ್ ಫೋನನ್ನು ಕೆಂಡದ ಹಾಗೆ ಚಿಟಿಕೆಯ ಕೈಗೆ ದಾಟಿಸಿದರು. “ಎರಡು ತಿಂಗಳು ಕ್ಲಾಸಿಗೆ ಹೋಗಿದ್ದೀಯಲ್ಲ ತಾಯಿ. ಮಾತಾಡು!”

“ವಾಟ್ ಈಸ್ ದ ಎಕ್ವಿಪ್‌ಮೆಂಟ್, ಪ್ಲೀಸ್?”

ಹೆಸರು ಹೇಳಿದರೆ ಔಟ್! ಎರಡು ತಿಂಗಳ ಅಭ್ಯಾಸ. ಚಿಟಿಕೆಯ ಬಾಯಿಯವರೆಗೆ ಬಂದ ‘ಕೋಲ್ಡ್ ರೂಮ್’ ಕಿವಿಯಲ್ಲಿ ಟಣ್ ಎಂದು ಹಿಂದಕ್ಕೆ ಓಡಿತು. ಬದಲಿಗೆ ಹೊರಬಿದ್ದದ್ದು ಇದು:

“ಇಟ್ ಈಸ್ ಎ ರೂಮ್ ವೇರ್ ಇಟ್ ಈಸ್ ಆಲ್ವೇಸ್ ವಿಂಟರ್. ಬಟ್ ಟುಡೇ ಸಮ್ಮರ್ ಹ್ಯಾಸ್ ಕಮ್.”

“...ಸಾರಿ, ಮೇಡಂ?”

“ದ ಬಟರ್ ದಟ್ ವಾಸ್ ಸ್ಟ್ಯಾಂಡಿಂಗ್ ಈಸ್ ನೌ ಲೈಯಿಂಗ್ ಡೌನ್!”

“ಅಂಡ್ ದ ಲೊಕೇಶನ್?”

“ಎ ಹೌಸ್ ವೇರ್ ಪೀಪಲ್ ಹೂ ಹ್ಯಾವ್ ಹೌಸಸ್ ಕಮ್ ಟು ಸ್ಲೀಪ್.”

“ಥ್ಯಾಂಕ್ ಯು, ಮೇಡಂ. ಯುವರ್ ಕಂಪ್ಲೇಂಟ್ ಈಸ್ ರಿಜಿಸ್ಟರ್ಡ್.” ಫೋನು ಕಟ್ಟಾಯಿತು.

ಶೆಫ್ ಮುಖ ಊರಗಲವಾಯಿತು. “ಎಷ್ಟು ಚೆನ್ನಾಗಿ ಮಾತಾಡಿದೆಯೇ! ಯಾವಾಗ ಬರ್ತಾರಂತೆ?”

ಚಿಟಿಕೆ ಗೋಡೆಗೆ ಆನಿಕೊಂಡಳು. ಹೋಟೆಲಿನ ಹೆಸರು ಹೇಳಿರಲಿಲ್ಲ. ರಸ್ತೆ ಹೇಳಿರಲಿಲ್ಲ. ಕೆಟ್ಟದ್ದು ಏನೆಂದೂ ಹೇಳಿರಲಿಲ್ಲ. ಊರ ತುಂಬ ಮನೆಯಿದ್ದವರು ಬಂದು ಮಲಗುವ ಮನೆಗಳು ಸಾಲುಸಾಲು ಇವೆ. ಶೆಫ್ ಮತ್ತೆ ಮತ್ತೆ ನಂಬರು ಒತ್ತಿದರು. ಆ ಕಡೆಯಿಂದ ಬರೀ ಸಂಗೀತ. ಒಳಗೆ ಬೆಣ್ಣೆ ಮಗ್ಗುಲು ಬದಲಿಸಿತು.

“ನಿನ್ನ ಇಂಗ್ಲಿಷಿಗೆ ಬೆಂಕಿ ಹಾಕ,” ಎಂದು ಶೆಫ್ ಬಯ್ಯಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಹಿಂಬಾಗಿಲಿಂದ ಯಾರೋ ಓಡಿ ಬಂದರು. ಹೆಲ್ಮೆಟ್ಟು ತಲೆಯ ಮೇಲೆಯೇ ಇತ್ತು. ಹೆಗಲಲ್ಲಿ ಟೂಲ್ ಬ್ಯಾಗು. ನೀಲಿ ಯೂನಿಫಾರ್ಮು.

“ಬೆಣ್ಣೆ ಎಲ್ಲಿ ಮಲಗಿದೆ?” ಎಂದು ಕೇಳಿದ.

ಚಿಟಿಕೆ ಗೋಡೆ ಬಿಟ್ಟು ನೆಟ್ಟಗೆ ನಿಂತಳು. “ನೀವು... ನೀವು ಹೇಗೆ?”

“ಕಂಪ್ಲೇಂಟು ನಮ್ಮ ಕಂಪನಿಯ ವಾಟ್ಸಾಪ್ ಗ್ರೂಪಲ್ಲಿ ಬಂತು. ಎಲ್ಲ ಮೆಕ್ಯಾನಿಕ್ಕುಗಳೂ ಬಿದ್ದು ಬಿದ್ದು ನಗ್ತಿದ್ರು. ಯಾರೋ ಕುಡಿದು ಫೋನ್ ಮಾಡಿದ್ದಾರೆ ಅಂದ್ರು. ನಾನು ಮೊದಲನೇ ಸಾಲು ಓದಿ ಗಾಡಿ ಹತ್ತಿದೆ.” ಹೆಲ್ಮೆಟ್ಟು ತೆಗೆದ. ಕೂದಲು ಹಣೆಗೆ ಅಂಟಿತ್ತು. “ಚಳಿಗಾಲದ ಕೋಣೆ ಅನ್ನೋರು ಈ ಊರಲ್ಲಿ ಇನ್ಯಾರಿದ್ದಾರೆ ಹೇಳಿ.”

ಅವಳು ಓಡಿಹೋಗಿ ದಪ್ಪ ಬಾಗಿಲನ್ನು ಎಳೆದು ತೆರೆದಳು.

ಅವನು ಕೋಲ್ಡ್ ರೂಮಿನೊಳಗೆ ಹೋಗಿ ಸ್ಟೂಲು ಹತ್ತಿ ಫ್ಯಾನಿನ ಮುಚ್ಚಳ ಬಿಚ್ಚಿದ. ಅದರ ಹಿಂದೆ ತಂಪು ಮಾಡುವ ಸುರುಳಿ ಕೊಳವೆಯ ಉದ್ದಕ್ಕೂ ಬಿಳಿ ಮಂಜುಗಡ್ಡೆ ಗೋಡೆ ಕಟ್ಟಿ ನಿಂತಿತ್ತು.

“ಇಷ್ಟೊಂದು ಐಸಿದ್ದೂ ಸೆಕೆಯಾ?” ಎಂದರು ಶೆಫ್.

“ಐಸ್ ಜಾಸ್ತಿ ಆಗಿದ್ದೇ ತೊಂದರೆ ಸರ್. ಗಾಳಿಗೆ ದಾರಿ ಇಲ್ಲ. ತಂಪೆಲ್ಲ ಒಳಗೇ ಕಟ್ಟಿಕೊಂಡಿದೆ, ಹೊರಗೆ ಬರ್ತಿಲ್ಲ. ಅದನ್ನ ಕರಗಿಸೋ ಟೈಮರು ಕೆಟ್ಟಿದೆ, ಬಾಗಿಲಿನ ರಬ್ಬರೂ ಹರಿದಿದೆ. ಮೇನ್ ಆಫ್ ಮಾಡಿಸಿ. ಬಿಸಿನೀರು ಬೇಕು. ತುಂಬಾ.”

ಬಿಸಿನೀರೆಂದರೆ ಚಿಟಿಕೆಯ ರಾಜ್ಯ. ಸೂಪಿನ ದೊಡ್ಡ ಪಾತ್ರೆಗಳನ್ನೆಲ್ಲ ಒಲೆಗೇರಿಸಿದಳು. ಎರಡೂ ಕೈಯಲ್ಲಿ ಜಗ್ಗು ಹಿಡಿದು ಓಡಿದಳು. ಅವನು ಸ್ಟೂಲಿನ ಮೇಲೆ, ಇವಳು ಕೆಳಗೆ. ಇವಳು ಕೊಟ್ಟಳು, ಅವನು ಹೊಯ್ದ. ಬಿಸಿ ತಾಗಿದ ಕಡೆ ಮಂಜುಗಡ್ಡೆ ಚಟಪಟ ಬಿರಿದು ಹಬೆ ಎದ್ದು ಇಬ್ಬರ ಮುಖವನ್ನೂ ಮುಚ್ಚಿತು. ಹಬೆಯ ಆಚೆಯಿಂದ ಅವನ ಕೈ ಮಾತ್ರ ಬರುತ್ತಿತ್ತು, ಖಾಲಿ ಜಗ್ಗು ಚಾಚಿಕೊಂಡು.

“ಇನ್ನೊಂದು ಕೊಡಿ... ಇನ್ನೊಂದು... ಆ ಮೂಲೆಗೆ ಇನ್ನೂ ಬಿಸಿ ಬೇಕು, ಬೇಗ ಬಾ! ಹುಷಾರು, ಜಾರುತ್ತೆ. ಕೈ ಸುಟ್ಕೋಬೇಡ!”

ಬಾ. ಸುಟ್ಕೋಬೇಡ.

ಅವನಿಗೆ ಗೊತ್ತೇ ಆಗಿರಲಿಲ್ಲ. ಎರಡು ತಿಂಗಳು ‘ನೀವು, ತಾವು’ ಎಂದು ಒಂದು ಮೊಳ ದೂರ ನಿಂತವನು ಅವಸರದಲ್ಲಿ ಹೊಸ್ತಿಲು ದಾಟಿ ಒಳಗೆ ಬಂದಿದ್ದ. ಚಿಟಿಕೆ ಒಲೆಯ ಕಡೆ ಓಡಿದಳೋ ಹಾರಿದಳೋ ತಿಳಿಯದು. ಶೆಫ್ ಮಾತ್ರ, “ಕೋಲ್ಡ್ ರೂಮು ಕೆಟ್ಟಿದೆ, ಇವಳು ಯಾಕೆ ನಗ್ತಿದ್ದಾಳೆ?” ಎಂದು ಪಕ್ಕದವರನ್ನು ಕೇಳಿದರು.

ಗಡ್ಡೆಯೆಲ್ಲ ಕರಗಿ ಇಳಿದು, ಹೊಸ ಟೈಮರು ಕೂತು, ಮೇನ್ ಹಾಕಿದಾಗ ಫ್ಯಾನು ಒಮ್ಮೆ ಕೆಮ್ಮಿ ತಿರುಗತೊಡಗಿತು. ತಣ್ಣನೆ ಗಾಳಿ ಮುಖಕ್ಕೆ ಬಂತು. ಇಡೀ ಅಡುಗೆಮನೆ ಹೋ ಎಂದು ಕೂಗಿತು. ಕ್ರೀಮು ಉಳಿದಿತ್ತು. ಕೇಕು ಉಳಿದಿತ್ತು. ಬೆಣ್ಣೆಗೆ ನಾಚಿಕೆಯಾಗಿರಬೇಕು, ಮೆಲ್ಲಗೆ ಎದ್ದು ಕೂರುವ ತಯಾರಿಯಲ್ಲಿತ್ತು.

ಗೋಡೆಯ ಗಡಿಯಾರದಲ್ಲಿ ಏಳು ದಾಟಿತ್ತು.

ಚಿಟಿಕೆ ಹಾಲಿನ ಕ್ರೇಟಿನ ಮೇಲೆ ಕುಸಿದು ಕೂತಳು. ಏಪ್ರನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಳದಿ ಚೂಡಿದಾರ ಲಾಕರಿನಲ್ಲೇ ಉಳಿಯಿತು.

“ಕೊನೇ ಕ್ಲಾಸು ಹೋಯ್ತು,” ಎಂದಳು.

“ಹೋಯ್ತು,” ಎಂದ ಅವನು, ಸ್ಕ್ರೂಡ್ರೈವರ್ ಒರೆಸುತ್ತ. ಅಷ್ಟೇ. ಒಂದು ಅಯ್ಯೋ ಇಲ್ಲ, ಒಂದು ಪಾಪ ಇಲ್ಲ.

ಅವಳು ತಲೆಯೆತ್ತಿ ನೋಡಿದಳು. ನೋಡುತ್ತ ನೋಡುತ್ತ ಏನೋ ಹೊಳೆಯಿತು. ಕ್ರೇಟಿನಿಂದ ಎದ್ದು ನಿಂತಳು.

“ಒಂದ್ನಿಮಿಷ. ಬೆಣ್ಣೆ ಮಲಗಿದ್ದು ನಿಮಗೆ ಅರ್ಥ ಆಯ್ತು.”

“ಹೂಂ.”

“ಚಳಿಗಾಲದ ಕೋಣೆ ಅರ್ಥ ಆಯ್ತು. ಮನೆ ಇದ್ದೋರು ಬಂದು ಮಲಗೋ ಮನೆ ಯಾವುದು, ಯಾವ ರಸ್ತೇಲಿದೆ, ಹಿಂಬಾಗಿಲು ಎಲ್ಲಿದೆ ಅನ್ನೋದೂ ಅರ್ಥ ಆಯ್ತು.”

ಅವನು ಸ್ಕ್ರೂಡ್ರೈವರನ್ನು ಇನ್ನೂ ಒರೆಸುತ್ತಿದ್ದ. ಅದು ಆಗಲೇ ಹೊಳೆಯುತ್ತಿತ್ತು.

“ಆ ಹಣ್ಣು ಮಾತ್ರ ಅರ್ಥ ಆಗ್ಲಿಲ್ವಾ?”

ಹೆಬ್ಬೆರಳು ಹುಬ್ಬಿಗೆ ಹೋಯಿತು. ಗುಳಿ ಬಿತ್ತು. ಈ ಸಲ ಅದನ್ನು ಅಡಗಿಸಲು ಅವನಿಗೆ ಆಗಲಿಲ್ಲ.

“ಆಯ್ತು.”

“ಯಾವಾಗ?”

“ಕೇಳಿದ ಕೂಡಲೇ.”

“ಮತ್ತೆ ಕಾಫಿ? ವೇಟರ್? ಪಪ್ಪಾಯಿ?!”

“ಸರಿ ಉತ್ತರ ಹೇಳಿದ್ರೆ ನಿಮ್ಮ ಸರದಿ ಮುಗಿಯುತ್ತಲ್ವಾ,” ಎಂದ ತೀರಾ ಮೆಲ್ಲಗೆ. “ಆಮೇಲೆ ನನ್ನ ಸರದಿ. ವೆಜಿಟಬಲ್ ವಿಚ್ ವಿ ಕಟ್. ಯಾರಿಗೆ ಬೇಕು ಅದು? ನೀವು ಹೇಳ್ತಾ ಇದ್ರೆ ಕೇಳ್ತಾನೇ ಇರೋಣ ಅನ್ನಿಸ್ತಿತ್ತು.” ಸ್ಕ್ರೂಡ್ರೈವರನ್ನು ಇನ್ನೊಮ್ಮೆ ಒರೆಸಿದ. “ಮತ್ತೆ... ಹೆದರಿಕೆ. ಪಪ್ಪಾಯಿ ಅಂದು ತಪ್ಪಾದ್ರೆ ನೀವು ಬಯ್ತೀರಿ, ಅಷ್ಟೇ. ‘ನಾನಾ?’ ಅಂತ ಕೇಳಿ ಅದು ತಪ್ಪಾದ್ರೆ? ನಾನು ಎಲ್ಲಿಗೆ ಹೋಗ್ಲಿ?”

ಚಿಟಿಕೆ ಕೈಗೆ ಸಿಕ್ಕಿದ ಒದ್ದೆ ಬಟ್ಟೆ ತೆಗೆದು ಅವನ ಮೇಲೆ ಬೀಸಿದಳು. “ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು! ಪಕ್ಕದ ಮನೆಯವರ ಕಾಫಿಯಂತೆ!”

ಬಟ್ಟೆ ಅವನ ಎದೆಗೆ ಅಂಟಿ ಅಲ್ಲೇ ನಿಂತಿತು. ಅವನು ಅದನ್ನು ತೆಗೆಯಲೂ ಇಲ್ಲ, ನಗು ನಿಲ್ಲಿಸಲೂ ಇಲ್ಲ.

“ಏನ್ ನಡೀತಿದೆ ಇಲ್ಲಿ?” ಶೆಫ್ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು, ಕೇಕಿನವರು ಎಲ್ಲ ಒಬ್ಬರ ಹೆಗಲ ಮೇಲೆ ಒಬ್ಬರು. “ಬಾಗಿಲು ತೆರೆದಿಟ್ಟುಕೊಂಡು ಊರಿಗೆಲ್ಲ ತಂಪು ಮಾಡ್ತಿದ್ದೀರಾ?”

ಇನ್ನೊಂದು ದಿನವಾಗಿದ್ದರೆ ಚಿಟಿಕೆ ಸೌಟು ಹುಡುಕಿ ಅದರ ಹಿಂದೆ ಅಡಗುತ್ತಿದ್ದಳು. ಇಂದು ಅಲ್ಲೇ ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಮೂಗು ಕೆಂಪಾಗಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ತೇಲಿಹೋಗಿತ್ತು.

“ಒಂದ್ನಿಮಿಷ ಸರ್. ಒಂದು ಮಾತು ಹೇಳಿ ಮುಗಿಸ್ತೀನಿ.” ಅವನ ಕಡೆ ತಿರುಗಿದಳು. “ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಇದರಲ್ಲಿ ಹಣ್ಣಿಲ್ಲ, ಮರ ಇಲ್ಲ. ಇಷ್ಟೇ.”

ಎದೆಗೆ ಅಂಟಿದ್ದ ಒದ್ದೆ ಬಟ್ಟೆಯನ್ನು ಅವನು ಮೆಲ್ಲಗೆ ಬಿಡಿಸಿಕೊಂಡ.

“ನನಗೂ,” ಎಂದ ಅವನು.

“ಅಷ್ಟೇನಾ?” ಇದನ್ನು ಕೇಳಿದ್ದು ಚಿಟಿಕೆಯಲ್ಲ, ಶೆಫ್. “ಹುಡುಗಿ ಎಷ್ಟು ಚೆನ್ನಾಗಿ ಹೇಳಿದ್ಲು! ನೀನೂ ಸ್ವಲ್ಪ ಉದ್ದ ಮಾಡಪ್ಪ!”

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿದ. ಹೆಬ್ಬೆರಳು ಹುಬ್ಬಿನವರೆಗೆ ಹೋಗಿ, ಬೇಡವೆಂದು ಕೆಳಗಿಳಿಯಿತು. ಅವಳ ಕಣ್ಣನ್ನೇ ನೋಡುತ್ತ, ಒಂದೊಂದೇ ಮಾತನ್ನು ಜಾಗದಲ್ಲಿ ಕೂರಿಸುವವನ ಹಾಗೆ ಹೇಳಿದ.

“ಬಾಗಿಲಿನ ರಬ್ಬರ್ ಬದಲಾಯಿಸಬೇಕು. ಅದಕ್ಕೆ ನಾಳೆ ಬರ್ತೀನಿ. ಹಾಕಿದ್ರೆ ವರ್ಷಗಟ್ಟಲೆ ಬಾಳಿಕೆ ಬರುತ್ತೆ, ನಾನು ಹಾಗೇ ಹಾಕೋದು. ಕ್ಲಾಸೂ ಮುಗೀತು. ನಾಡಿದ್ದಿನಿಂದ ಇಲ್ಲಿಗೆ ಬರೋಕೆ ನನ್ನ ಹತ್ರ ಕಾರಣ ಇಲ್ಲ.” ಉಸಿರೆಳೆದುಕೊಂಡ. “ಕಾರಣ ಇಲ್ಲದೇ ಬರಲಾ?”

ಬಾಗಿಲಲ್ಲಿ ಕಿಕ್ಕಿರಿದವರೆಲ್ಲ ಅವಳ ಬಾಯಿಯನ್ನೇ ನೋಡಿದರು. ಚಿಟಿಕೆ ಒಂದು ಹೆಜ್ಜೆ ಮುಂದೆ ಬಂದಳು. ನೀರಿನಲ್ಲಿ ನೆನೆದು ನೆನೆದು ಅವಳ ಬೆರಳು ತಣ್ಣಗಾಗಿತ್ತು. ಜಗ್ಗು ಹಿಡಿದು ಹಿಡಿದು ಅವನ ಬೆರಳು ಬೆಚ್ಚಗಾಗಿತ್ತು. ಆ ಬೆಚ್ಚಗಿನ ಕೈಯನ್ನು ಎಲ್ಲರ ಮುಂದೆಯೇ ಹಿಡಿದುಕೊಂಡಳು.

“ಬಾ,” ಎಂದಳು. “ದಿನಾ ಬಾ.”